ಎಡಕ್ಕೆ ತಿರುಗದ ಆಮೆ

ನಮ್ಮ ಶಾಲೆಗೆ ಕಂಪ್ಯೂಟರು ಬಂದಾಗ ಮೊದಲು ಅದಕ್ಕೆ ಕುಂಕುಮ ಹಚ್ಚಿದರು, ಆಮೇಲೆ ಪ್ಲಗ್ಗು ಹಾಕಿದರು. ಇದು ತೊಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ನಾನು ಗಣಿತದ ಟೀಚರು. ಹುಟ್ಟಿದ್ದು ಲಿಂಗಸುಗೂರಿನಲ್ಲಿ, ಕೊಟ್ಟದ್ದು ಮಸ್ಕಿಗೆ, ಕೆಲಸ ಸಿಂಧನೂರಿನಲ್ಲಿ. ಹೀಗಾಗಿ ನನ್ನ ಪ್ರಾಯದ ದಿನಗಳೆಲ್ಲ ಆ ಒಂದು ರಸ್ತೆಯ ಬಸ್ಸಿನಲ್ಲೇ ಕಳೆದವು. ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವವರ ಜೊತೆ ದಿನಾ ಜಗಳವಾಡಿ ನನ್ನ ಬಾಯಿ ಜೋರಾಯಿತೆಂದು ಮನೆಯವರು ಈಗಲೂ ಹೇಳುತ್ತಾರೆ. ಬಾಯಿ ಮೊದಲೇ ಜೋರಿತ್ತು. ಬಸ್ಸು ಅದಕ್ಕೆ ದಿನಾ ರಿಯಾಜು ಮಾಡಿಸಿತು, ಅಷ್ಟೇ.

ಕಂಪ್ಯೂಟರನ್ನು ಕಲಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. "ನೀವು ಲೆಕ್ಕ ಕಲಸ್ತೀರಿ. ಇದೂ ಲೆಕ್ಕದ ಮಷೀನ್ ಐತಿ ಅಂತಾರ. ನೀವ ನೋಡ್ಕೋರಿ" ಎಂದರು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಬೇಸಿಗೆ ರಜೆಯಲ್ಲಿ ರಾಯಚೂರಿಗೆ ಹೋಗಿ, ಒಂದು ಅಂಗಡಿಯ ಮಾಳಿಗೆಯ ಮೇಲೆ ನಡೆಯುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ, ಕಾಲೇಜು ಹುಡುಗರ ನಡುವೆ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ ಕೂತು ಕಲಿತು ಬಂದೆ. ಅಷ್ಟಕ್ಕೇ ಊರಿಗೆಲ್ಲ ನಾನು ಕಂಪ್ಯೂಟರ್ ಟೀಚರು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ.

ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಕಿಟಕಿಗೆ ಪರದೆ ಕಟ್ಟಿಸಿ, ಯಂತ್ರವನ್ನು ಅಲ್ಲಿ ಕೂರಿಸಿದರು. ಹಾರ್ಮೋನಿಯಮ್ಮಿಗೆ ಹೊಲಿಸುವಂಥ ಕೆಂಪು ಗವಸು ಅದಕ್ಕೆ. ಚಪ್ಪಲಿ ಹೊರಗೆ ಬಿಡಬೇಕು, ಕಾಲು ಒರೆಸಿಕೊಂಡು ಒಳಗೆ ಬರಬೇಕು. ಹೈಸ್ಕೂಲಿನ ಹುಡುಗರಿಗೆ ಕಲಿಸಿರಿ ಎಂದರು ಹೆಡ್‌ಮಾಸ್ತರರು. ಒಂದು ವಾರ ಕಲಿಸಿ ನೋಡಿದೆ. "ಇದರಿಂದ ನೌಕರಿ ಸಿಗತೈತೇನ್ರಿ?" ಎಂಬುದು ಅವರ ಮೊದಲ ಪ್ರಶ್ನೆ, ಅದೇ ಕೊನೆಯ ಪ್ರಶ್ನೆಯೂ ಆಗಿತ್ತು. ಐದನೆಯ ಇಯತ್ತೆಯ ಮಕ್ಕಳನ್ನು ಕರೆತಂದಾಗ ಒಬ್ಬಳು, "ಟೀಚರ್ರೀ, ಇದಕ್ಕ ತಿನ್ನಾಕ ಏನ್ ಹಾಕ್ತೀರಿ?" ಎಂದು ಕೇಳಿದಳು. ನನ್ನ ವಿದ್ಯಾರ್ಥಿಗಳು ಇವರೇ ಎಂದು ನಾನು ಆವತ್ತೇ ತೀರ್ಮಾನ ಮಾಡಿದೆ.

ಚಿಕ್ಕ ಮಕ್ಕಳಿಗೆಂದೇ ಲೋಗೋ ಎಂಬ ಕಂಪ್ಯೂಟರ್ ಭಾಷೆಯೊಂದಿತ್ತು. ಪರದೆಯ ನಡುವೆ ಒಂದು ಆಮೆ ಇರುತ್ತದೆ. ಮುಂದೆ ಹೋಗು ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಎಂಟರ್ ಒತ್ತಿದರೆ ಅದು ಗೆರೆ ಎಳೆಯುತ್ತ ಮುಂದೆ ಹೋಗುತ್ತದೆ. ಬಲಕ್ಕೆ ತಿರುಗು ಎಂದರೆ ಬಲಕ್ಕೆ, ಎಡಕ್ಕೆ ಎಂದರೆ ಎಡಕ್ಕೆ. ಹೀಗೆ ಒಂದೊಂದೇ ಅಪ್ಪಣೆ ಕೊಡುತ್ತ ಅದರ ಕೈಯಲ್ಲಿ ಮನೆ, ಗೋಪುರ, ನಕ್ಷತ್ರ ಏನು ಬೇಕಾದರೂ ಬರೆಸಬಹುದು. ಆಮೆ ಎಂದರೆ ನಿಜದಲ್ಲಿ ಒಂದು ಪುಟ್ಟ ತ್ರಿಕೋನ. "ಆಮಿ ಎಲ್ಲೈತ್ರಿ ಟೀಚರ್? ಇದು ಸಮೋಸಾ ಆಗೇತಿ" ಎಂದು ಮಕ್ಕಳು ನಕ್ಕರು. ನಾನು ಎಷ್ಟು ಗದರಿದರೂ ನಮ್ಮ ಶಾಲೆಯಲ್ಲಿ ಅದಕ್ಕೆ ಸಮೋಸ ಎಂಬ ಹೆಸರೇ ಕಾಯಂ ಆಯಿತು.

ಆದರೆ ಕರೆಂಟು ಇರಬೇಕಲ್ಲ? ನಮ್ಮ ಪಾಠದ ಹೊತ್ತಿಗೂ ಕರೆಂಟು ಹೋಗುವ ಹೊತ್ತಿಗೂ ಯಾವ ಜನ್ಮದ ನಂಟೋ ಏನೋ. ಅದಕ್ಕೆ ನಾನು ಪಾಠವನ್ನು ಅಂಗಳಕ್ಕೆ ತಂದೆ. ಒಬ್ಬರ ಕಣ್ಣಿಗೆ ಕರವಸ್ತ್ರ ಕಟ್ಟಿ ಆಮೆ ಮಾಡುವುದು, ಇನ್ನೊಬ್ಬರು ಅಪ್ಪಣೆ ಕೊಡುವುದು. ನಿಯಮ ಒಂದೇ: ಆಮೆ ಸ್ವಂತ ಬುದ್ಧಿ ಓಡಿಸಕೂಡದು, ಹೇಳಿದಷ್ಟೇ ಮಾಡಬೇಕು. ಬೇವಿನ ಗಿಡ ಅಡ್ಡ ಬಂದರೂ "ಮುಂದ" ಎಂದರೆ ಮುಂದೆಯೇ ನಡೆಯಬೇಕು. ಹಣೆಗೆ ಗಿಡ ಬಡಿದರೆ ತಪ್ಪು ಆಮೆಯದಲ್ಲ, ಅಪ್ಪಣೆ ಕೊಟ್ಟವರದು. ವಳಕಮದಿನ್ನಿಯಿಂದ ಬರುತ್ತಿದ್ದ ಒಬ್ಬಳು, "ನಮ್ಮ ಎತ್ತಿಗೂ ಹಿಂಗ ಹೇಳ್ತಾರ್ರೀ. ಆದ್ರ ಮನಿ ದಾರಿ ಅದಕ್ಕ ಯಾರೂ ಹೇಳಬೇಕಾಗಿಲ್ರೀ" ಎಂದಳು. "ಅದಕ್ಕ ಅದು ಎತ್ತು, ಇದು ಮಷೀನು" ಎಂದೆ. ಪ್ರೋಗ್ರಾಮಿಂಗ್ ಎಂದರೇನು ಎಂದು ಅದಕ್ಕಿಂತ ಚೆನ್ನಾಗಿ ನಾನು ಮುಂದೆಯೂ ಯಾರಿಗೂ ಹೇಳಲಾಗಲಿಲ್ಲ.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಸಿಂಧನೂರಿನ ಹಳೆಯ ಓಣಿಯ, ದಢೇಸುಗೂರಿನ ಕಡೆ ಕಾಲುವೆ ಕೆಳಗೆ ಭತ್ತದ ಗದ್ದೆ ಇದ್ದ ಅನುಕೂಲಸ್ಥರ ಮನೆಯವಳು. ಹಣೆಯ ಮೇಲೆ ವಿಭೂತಿ, ಎಣ್ಣೆ ಹಚ್ಚಿ ಬಿಗಿದು ಹಾಕಿದ ಎರಡು ಜಡೆ. ಮಾತು ಕಡಿಮೆ. ಬೆಂಚಿನ ಮೇಲೆ ಕೂತರೆ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆಯೇ ಕೂರುವಳು. ಅವಳ ಬರವಣಿಗೆ ನೋಡಿದರೆ ಮಸಿಯಲ್ಲಿ ಬಿದ್ದ ಇರುವೆ ಕಾಗದದ ಮೇಲೆ ನಡೆದಂತಿತ್ತು. ಉಳಿದವರು ಮೂರನೆಯ ಪ್ರಶ್ನೆಗೆ ಬಂದಾಗ ಇವಳು ಮೊದಲನೆಯದರಲ್ಲೇ ಇರುವಳು. ಪರೀಕ್ಷೆಯಲ್ಲಿ ಅರ್ಧ ಪೇಪರು ಖಾಲಿ. ತಲೆ ಮಂದ ಎಂದು ಟೀಚರುಗಳ ಕೋಣೆಯಲ್ಲಿ ಎಲ್ಲರೂ ಒಪ್ಪಿಬಿಟ್ಟಿದ್ದರು. ಮಧ್ಯವಾರ್ಷಿಕ ಪರೀಕ್ಷೆಯಾದ ಮೇಲೆ ಹೆಡ್‌ಮಾಸ್ತರರು ನನಗೆ ಹೇಳಿದರು: "ಆ ಹುಡುಗೀದು ಇದ ಕೊನೀ ವರ್ಷ ನೋಡ್ರಿ. ಈ ಸಲ ನಪಾಸಾದ್ರ ಸಾಲಿ ಬಿಡಸ್ತೀವಿ ಅಂತ ಅವರಪ್ಪ ಹೇಳಿ ಹೋಗ್ಯಾರ. ಓದು ತಲಿಗಿ ಹತ್ತವಲ್ದು, ಮನ್ಯಾಗ ಅಜ್ಜಿ ಕೈಯಾಗ ಕೆಲಸ ಕಲೀಲಿ ಅಂತಾರ."

ಒಂದು ದಿನ ಅಂಗಳದಲ್ಲಿ ಅಪ್ಪಣೆ ಕೊಡುವ ಪಾಳಿ ಅವಳದಾಯಿತು. ಆಮೆಯನ್ನು ಶಾಲೆಯ ಮೆಟ್ಟಿಲಿನಿಂದ ನೀರಿನ ತೊಟ್ಟಿಯವರೆಗೆ ನಡೆಸಬೇಕು. ನಡುವೆ ಒಂದು ಕಡೆ ಎಡಕ್ಕೆ ತಿರುಗಬೇಕು. ಅಲ್ಲಿಗೆ ಬಂದಾಗ ಹುಡುಗಿ ತಡೆದು ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, "ಬಲಕ್ಕ. ಬಲಕ್ಕ. ಬಲಕ್ಕ. ಈಗ ಮುಂದ" ಎಂದಳು. ಕಣ್ಣು ಕಟ್ಟಿಕೊಂಡವಳು ನಿಂತಲ್ಲೇ ಬುಗುರಿಯಂತೆ ತಿರುಗಿದಳು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. "ಒಂದ ಸಲ ಎಡಕ್ಕ ಅನ್ನಾಕ ಏನಾಗೇತವ್ವ ನಿನಗ?" ಎಂದೆ. ಅವಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಆಮೆಯಾದವಳು ನಡೆದು ಹೋಗಿ ಸರಿಯಾಗಿ ತೊಟ್ಟಿಯ ಮುಂದೆ ನಿಂತಿದ್ದಳು. ಆಗ ನನ್ನ ಸಿಟ್ಟು ಇಳಿಯಿತು. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಸಲ ಎಡಕ್ಕೆ ತಿರುಗಿದಂತೆ ಎಂದು ನಾನು ಈ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಲಂಬಕೋನದ ಪಾಠ ಇನ್ನೂ ಮುಂದಿತ್ತು. ಮಂದ ತಲೆಗೆ ಇದು ಹೊಳೆಯುವುದಿಲ್ಲ.

ಮರುದಿನ ಕರೆಂಟು ಇತ್ತು. ಅವಳನ್ನು ಯಂತ್ರದ ಮುಂದೆ ಕೂರಿಸಿ ಹಿಂದೆ ನಿಂತೆ. ಉಳಿದ ಮಕ್ಕಳು ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹುಡುಕಿದಂತೆ ಕೀಲಿ ಹುಡುಕುವವರು. ಇವಳು ಸ್ವಲ್ಪ ಹೊತ್ತು ಹಾಗೆಯೇ ಹುಡುಕಿದಳು. ಆಮೇಲೆ ಅವಳಿಗೇ ತಿಳಿಯದಂತೆ ತೊಡೆಯ ಕೆಳಗಿನ ಕೈ ಹೊರಗೆ ಬಂತು. ಬಂದದ್ದೇ ತಡ, ಕೆಲಸವೆಲ್ಲ ಅದರದೇ ಆಯಿತು. ಬಲಗೈ ಪಕ್ಕದಲ್ಲಿ ಕೂತು ನೋಡುತ್ತಿತ್ತು ಅಷ್ಟೇ. ಪರದೆಯ ಮೇಲೆ ಒಂದು ಚಂದದ ಮನೆ ಎದ್ದಿತು. ಆದರೆ ಎಲ್ಲೆಲ್ಲಿ ಎಡಕ್ಕೆ ತಿರುಗಬೇಕೋ ಅಲ್ಲೆಲ್ಲ ಅದೇ ಮೂರು ಬಲ.

ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡು ಮೆತ್ತಗೆ ಕೇಳಿದೆ.

"ಆಯಿ ಎಡ ಬ್ಯಾಡಂದಾಳ್ರಿ" ಎಂದಳು. ಆಯಿ ಎಂದರೆ ಅವಳ ಅಜ್ಜಿ, ಅಪ್ಪನ ತಾಯಿ. "ಎಡಗೈ ಮುಂದ ಮಾಡಿದ್ರ ಲಕ್ಷ್ಮೀ ಮನಿ ಬಿಟ್ಟು ಹೋಗತಾಳಂತ್ರಿ. ನನಗ ಗೊತ್ತಿಲ್ದಂಗ ಅದು ಮುಂದ ಬರತೈತ್ರಿ. ಕೆಳಗ ಇಟ್ಕೊಂಡು ಕುಂತ್ರ ಸುಮ್ಮ ಇರತೈತಿ."

ತನ್ನದೇ ಕೈಯ ಬಗ್ಗೆ, ಕಟ್ಟಿಹಾಕಿದ ತುಂಟ ಕರುವಿನ ಬಗ್ಗೆ ಹೇಳುವಂತೆ ಹೇಳುತ್ತಿದ್ದಳು. ಸೀಮೆಸುಣ್ಣ ಕೊಟ್ಟು, ನೆಲದ ಮೇಲೆ ಎಡಗೈಯಿಂದ ಏನಾದರೂ ಬರಿ ಎಂದೆ. ಬಾಗಿಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಮೇಲೆ ತನ್ನ ಊರಿನ ಹೆಸರು ಬರೆದಳು. ಬಹಳ ಅಂದದ ಅಕ್ಷರವೇನಲ್ಲ, ರೂಢಿಯಿಲ್ಲದ ಕೈ. ಆದರೆ ಸಾಲು ನೆಟ್ಟಗಿತ್ತು, ಕೈ ಎಲ್ಲಿಯೂ ನಿಲ್ಲಲಿಲ್ಲ. ಈ ಕೈಯಲ್ಲಿ ಬರೆಯಲು ಬಿಟ್ಟರೆ ಇವಳು ಪಾಸಾಗುತ್ತಾಳೆ, ಬಿಡದಿದ್ದರೆ ಮನೆ ಸೇರುತ್ತಾಳೆ. ನಡುವೆ ಬೇರೇನೂ ಇರಲಿಲ್ಲ.

ಹೆಡ್‌ಮಾಸ್ತರರಿಗೆ ಹೇಳಿದೆ. "ಮನೀ ಸಂಪ್ರದಾಯದಾಗ ನಾವು ಕೈ ಹಾಕಬಾರದ್ರಿ" ಎಂದು ಕೈ ತೊಳೆದುಕೊಂಡರು. ಶನಿವಾರ ಶಾಲೆ ಅರ್ಧ ದಿನ. ಮಸ್ಕಿಯ ಬಸ್ಸು ಬಿಟ್ಟರೆ ಬಿಟ್ಟೀತು ಎಂದು ನಾನು ಆ ಮನೆಗೆ ಹೋದೆ.

ಅಜ್ಜಿ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಹಣೆ ತುಂಬ ವಿಭೂತಿ, ನೆಟ್ಟಗಿನ ಬೆನ್ನು. ಆ ಮನೆಯಲ್ಲಿ ಅವರ ಮಾತು ದಾಟುವವರಿಲ್ಲ ಎಂಬುದು ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಸೊಸೆಗೆ ಹೇಳಿ ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿಯ ಒಗ್ಗರಣೆ, ಮಾಡಿಸಿದರು, ಚಹಾ ತರಿಸಿದರು. ನಾನು ಬಂದ ವಿಷಯ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

ನಾನು ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಎಲ್ಲೆಲ್ಲೂ ಕೂತು ಹರಿತ ಮಾಡಿಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದೆ. "ಅಮ್ಮಾರ, ಪೂಜಾದಾಗ ಲಿಂಗ ಯಾವ ಕೈಯಾಗ ಇಟ್ಕೋತೀರಿ? ಎಡಗೈಯಾಗ ಅಲ್ಲೇನ್ರಿ? ದೇವರಿಗೇ ಆಗಿಬರೋ ಕೈ ಪಾಟಿ ಪೆನ್ಸಿಲ್ಲಿಗೆ ಆಗಿಬರಂಗಿಲ್ಲೇನ್ರಿ?"

ಅಜ್ಜಿ ಆಗ ತಲೆ ಎತ್ತಿದರು. ಗೆದ್ದೆ ಎಂದುಕೊಂಡೆ.

"ಹೊತ್ಕೊಂಡು ಇರಾಕ ಎಡಗೈ. ಮಾಡಾಕ ಬಲಗೈ" ಎಂದರು ನಿಧಾನವಾಗಿ. "ಪತ್ರಿ ಏರಸೋದು ಯಾವ ಕೈಲೆ? ವಿಭೂತಿ ಹಚ್ಚೋದು ಯಾವ ಕೈಲೆ? ನೀವೂ ಲಿಂಗ ಕಟ್ಕೊಂಡಾಕಿ ಅದೀರಿ. ನಾ ಹೇಳಬೇಕೇನು ನಿಮಗ?"

ಹೇಳಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿಯೂ ಪೂಜೆ ಹಾಗೆಯೇ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಮಂಡಾಳದ ತಟ್ಟೆಗೆ ಕೈ ಹಾಕಿದೆ.

ಅಜ್ಜಿಯೇ ಮಾತು ಮುಂದುವರಿಸಿದರು, ದನಿ ಈಗ ಮೆತ್ತಗಿತ್ತು. "ಆಕೀ ಮ್ಯಾಲ ನನಗ ಸಿಟ್ಟಿಲ್ಲವ್ವ. ನಾಳಿ ಗಂಡನ ಮನ್ಯಾಗ ಎಡಗೈಲೆ ನೀಡಿದ್ರ ಯಾರು ಉಣ್ತಾರ? ಅಂದು ಅಂದು ಆಕೀ ಬಾಳೇ ಹಾಳ ಮಾಡ್ತಾರ. ಅವರ ಕೈಲೆ ಅನಸ್ಕೊಳ್ಳೋದಕ್ಕಿಂತ ಈಗ ನನ್ನ ಕೈಲೆ ಅನಸ್ಕೊಳ್ಳಲಿ ಅಂತೀನಿ."

ಇಂಥ ಮಾತಿಗೆ ಎದುರಾಡುವುದು ಕಷ್ಟ. ಆಕೆ ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಎದ್ದು ಬರುವಾಗ ಇಷ್ಟೇ ಕೇಳಿಕೊಂಡೆ: "ಪರೀಕ್ಷಾಕ್ಕಿಂತ ಮೊದಲ ಒಮ್ಮೆ ಸಾಲಿಗೆ ಬರ್ರಿ. ಆಕಿ ಮಷೀನ್ ಮುಂದ ಕುಂತಿದ್ದು ನೋಡ್ರಿ. ಆಮ್ಯಾಲ ನಿಮ್ಮ ಮನಸಿಗಿ ಬಂದಂಗ ಮಾಡ್ರಿ." "ಮಷೀನ್ ನೋಡಿ ನಾ ಏನ ಮಾಡ್ಲಿ" ಎಂದರು ಅವರು. ಮಸ್ಕಿಯ ಬಸ್ಸಿನಲ್ಲಿ ಆ ದಿನ ಯಾರೋ ನನ್ನ ಸೀಟು ಹಿಡಿದುಕೊಂಡರು, ನಾನು ಜಗಳಕ್ಕೂ ಹೋಗಲಿಲ್ಲ.

ಅವರು ಬರುವುದಿಲ್ಲ ಎಂದೇ ತಿಳಿದಿದ್ದೆ. ಆದರೆ ಪರೀಕ್ಷೆ ಹತ್ತಿರವಾದಾಗ ಒಂದು ಬೆಳಿಗ್ಗೆ ತಲೆ ತುಂಬ ಸೆರಗು ಹೊದ್ದು ಅಜ್ಜಿ ಶಾಲೆಯ ಅಂಗಳದಲ್ಲಿ ನಿಂತಿದ್ದರು. ಕರೆಂಟು ಇತ್ತು, ಅದೊಂದು ದಿನವಾದರೂ ನಮ್ಮ ಮಾನ ಕಾಯಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಯಂತ್ರದ ಹಣೆಯ ಮೇಲಿನ ಕುಂಕುಮ ನೋಡಿ ಕೈ ಮುಗಿದರು. ಸ್ಟೂಲಿನ ಮೇಲೆ ಮೊಮ್ಮಗಳ ಹಿಂದೆ ಕೂತರು.

ಹುಡುಗಿಯ ಎಡಗೈ ಆಗಲೇ ತೊಡೆಯ ಕೆಳಗೆ ಸೇರಿತ್ತು. "ಮೆಟ್ಟಿಲು ಬರಿಯವ್ವ, ಗುಡಿಗೆ ಹೋಗೋ ಮೆಟ್ಟಿಲು" ಎಂದೆ. ಮೆಟ್ಟಿಲು ಬರೆಯಬೇಕೆಂದರೆ ಮೇಲೆ, ಬಲಕ್ಕೆ, ಮುಂದೆ, ಎಡಕ್ಕೆ, ಮತ್ತೆ ಮೇಲೆ. ಅವಳು ಬಲಗೈಯ ಒಂದು ಬೆರಳಿನಿಂದ ಶುರು ಮಾಡಿದಳು. ಒಂದು ಕೀಲಿ ಒತ್ತುವುದು, ಅಜ್ಜಿಯ ಉಸಿರು ಕೇಳಿಸಿಕೊಳ್ಳುವುದು, ಇನ್ನೊಂದು ಕೀಲಿ ಹುಡುಕುವುದು. ನನಗೇ ನೋಡಲಾಗಲಿಲ್ಲ, ಕಿಟಕಿಯ ಕಡೆ ಮುಖ ಮಾಡಿದೆ. ತಿರುಗಿ ನೋಡುವ ಹೊತ್ತಿಗೆ ಆಟ ಅವಳನ್ನು ಎಳೆದುಕೊಂಡಿತ್ತು. ಎಡಗೈ ಹೊರಗೆ ಬಂದು ಕೀಲಿಗಳ ಮೇಲೆ ಓಡಾಡುತ್ತಿತ್ತು. ಅಜ್ಜಿ ಅದನ್ನು ನೋಡಿದರು. ಬಾಯಿ ತೆರೆದರು. ನಾನು ಅಲ್ಲಿದ್ದೆನೆಂದೋ ಏನೋ, ಮುಚ್ಚಿದರು.

ಮೆಟ್ಟಿಲಿನ ಮೇಲೆ ಮೆಟ್ಟಿಲು ಏಳತೊಡಗಿತು. ಒಂದೊಂದು ಮೆಟ್ಟಿಲಿಗೂ ಆ ಪುಟ್ಟ ತ್ರಿಕೋನ ನಿಂತಲ್ಲೇ ಬಲಕ್ಕೆ, ಬಲಕ್ಕೆ, ಬಲಕ್ಕೆ ಹೊರಳಿ, ಆಮೇಲೆ ಮೇಲೇರುತ್ತಿತ್ತು. ಅಜ್ಜಿ ಮುಂದಕ್ಕೆ ಬಾಗಿದರು.

"ಅದ್ಯಾಕವ್ವ ಅದು ಹಂಗ ಸುತ್ತಾಕತ್ತೈತಿ?"

"ಎಡಕ್ಕ ಹೋಗಬೇಕಾಗೇತಿ ಆಯಿ" ಎಂದಳು ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ.

"ಹೋಗಬೇಕಂದ್ರ ಸೀದಾ ಹೋಗಬಾರದೇನು? ಎಡಕ್ಕ ಹೊಳ್ಳಾಕ ಬರಂಗಿಲ್ಲೇನು ಅದಕ್ಕ?"

"ಬರತೈತಿ. ನಾ ಹೊಳ್ಳಸಂಗಿಲ್ಲ. ನೀ ಬ್ಯಾಡಂದಿದ್ದಿಯಲ್ಲ."

ಆ ಮಾತಿನಲ್ಲಿ ದೂರಿರಲಿಲ್ಲ. ಹೇಳಿದ್ದನ್ನು ಮಾಡಿದ್ದೇನೆ ನೋಡು ಎಂಬ ಒಳ್ಳೆಯ ಮಗುವಿನ ಉತ್ತರ ಅದು. ತ್ರಿಕೋನ ಇನ್ನೊಂದು ಮೆಟ್ಟಿಲಿಗೆ ಬಂದು ಮತ್ತೆ ಸುತ್ತಿತು.

"ಪ್ರತಿ ಸಲಾನೂ ಹಿಂಗ ಸುತ್ತಬೇಕೇನು?"

"ಹೂಂ ಆಯಿ."

"ತಲಿ ತಿರುಗಂಗಿಲ್ಲೇನು ಅದಕ್ಕ?"

ಹುಡುಗಿ ಕೈ ನಿಲ್ಲಿಸಿ ಯೋಚಿಸಿದಳು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು.

"ಅದಕ್ಕ ತಿರುಗಂಗಿಲ್ಲ ಆಯಿ" ಎಂದಳು. "ನನಗ ತಿರುಗತೈತಿ."

ಅಜ್ಜಿ ಪರದೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೀಲಿಗಳ ಮೇಲೆ ನಿಂತಿದ್ದ ಆ ಸಣ್ಣ ಎಡಗೈಯನ್ನೇ ನೋಡುತ್ತಿದ್ದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಮುಂದಿನ ಮೆಟ್ಟಲಕ್ಕ ಸುತ್ತಸಬ್ಯಾಡ" ಎಂದರು. "ಎಡಕ್ಕ ಹೋಗು ಅನ್ನು."

ಹುಡುಗಿ ಹೊರಳಿ ಅಜ್ಜಿಯ ಮುಖ ನೋಡಿದಳು. ತನ್ನನ್ನು ಪರೀಕ್ಷಿಸಲು ಹೇಳಿದ ಮಾತೋ, ನಿಜವಾಗಿ ಹೇಳಿದ್ದೋ ಎಂದು ಅವಳಿಗೆ ತಿಳಿಯಲಿಲ್ಲ. "ಅನ್ನವ್ವ" ಎಂದರು ಅಜ್ಜಿ ಇನ್ನೊಮ್ಮೆ. ಎಡಕ್ಕೆ ಎಂಬುದಕ್ಕೆ ಎಲ್ ಅಕ್ಷರದ ಕೀಲಿ ಬೇಕು. ಅದನ್ನು ಅವಳು ಆವರೆಗೆ ಮುಟ್ಟಿಯೇ ಇರಲಿಲ್ಲ, ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ನಾನು ಬೆರಳು ಮಾಡಿ ತೋರಿಸಿದೆ. ಎಡಗೈಯನ್ನೇ ಉದ್ದಕ್ಕೆ ಚಾಚಿ ಅದನ್ನು ಒತ್ತಿದಳು, ಉಳಿದದ್ದನ್ನೂ ಟೈಪು ಮಾಡಿ ಎಂಟರ್ ಹೊಡೆದಳು. ತ್ರಿಕೋನ ಒಂದೇ ಸಲ ಹೊರಳಿ, ಮೇಲೆ ಮುಖ ಮಾಡಿ ನಿಂತಿತು.

ಆ ವರ್ಷ ಪರೀಕ್ಷೆಯನ್ನು ಅವಳು ಎಡಗೈಯಲ್ಲೇ ಬರೆದಳು, ಪಾಸಾದಳು, ಆರನೆಯ ಇಯತ್ತೆಗೆ ಬಂದು ನನ್ನ ಮುಂದೆಯೇ ಕೂತಳು. ಆದರೆ ನನಗೆ ಕಣ್ಣಿಗೆ ಕಟ್ಟಿದಂತಿರುವುದು ಆ ಬೆಳಗೇ. ಅಜ್ಜಿ ಎದ್ದರು, ನಾನು ಬಾಗಿಲವರೆಗೆ ಹೋದೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಬಿಗಿ ದನಿಯಲ್ಲಿ ಹೇಳಿದರು: "ಬರಿಯೋದಷ್ಟ ಆ ಕೈಲೆ. ಉಣ್ಣೋದು, ನೀಡೋದು ಬಲಗೈಲೆ. ಇದರಾಗ ಮಾತಿಲ್ಲ." ಅಷ್ಟು ಸಿಕ್ಕದ್ದೇ ದೊಡ್ಡದು.

ಎರಡು ಹೆಜ್ಜೆ ಹೋದವರು ನಿಂತರು. ಒಳಗಿನಿಂದ ಕೀಲಿ ಒತ್ತುವ ಸದ್ದು ಬೇಗ ಬೇಗ ಬರುತ್ತಿತ್ತು. ಅದನ್ನು ಕೇಳಿಸಿಕೊಂಡು, ನನ್ನ ಕಡೆ ತಿರುಗದೆಯೇ ಕೇಳಿದರು:

"ಈಗ ಸುತ್ತಾಕತ್ತಿಲ್ಲಲ್ಲ?"

ನಾನು ಒಳಗೆ ಇಣುಕಿ ನೋಡಿದೆ.

"ಇಲ್ರಿ ಅಮ್ಮಾರ" ಎಂದೆ. "ಸೀದಾ ಹೊಂಟಾಳ."